ಚೂರಿಗೆ ತಾಗಿದ ಸುಣ್ಣ

೧೯೮೯ನೇ ಇಸವಿಯಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಶಾಲೆ ಬಿಟ್ಟೆ. ಅಪ್ಪನಿಗೆ ಸೊಂಟ ನೋವು ಹಿಡಿದಿತ್ತು, ಕಸಾಯಿಖಾನೆಯಲ್ಲಿ ಅವರ ಜಾಗ ಖಾಲಿಯಿತ್ತು. ಅಂದು ಹಿಡಿದ ಚೂರಿಯನ್ನು ಇಂದಿಗೂ ಬಿಟ್ಟಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ.

ಅಪ್ಪನ ಕಾಲದ ಪದ್ಧತಿ ಒಂದಿತ್ತು. ಮಾಂಸದೊಳಗೆ ಹಳದಿ ಗಂಟು ಕಂಡರೆ ಅಷ್ಟನ್ನು ಕೆತ್ತಿ ಬಿಸಾಡುವುದು, ಅದೇ ಚೂರಿಯಿಂದ ಮುಂದಿನ ಕೆಲಸ ಮಾಡುವುದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಅದು ಕ್ಷಯದ ಗಂಟು, ಎಮ್ಮೆಗೂ ಟಿ.ಬಿ. ಬರುತ್ತದೆ, ಕಾಯಿಸದ ಹಾಲಿನಿಂದ ಅದು ನಮಗೂ ದಾಟುತ್ತದೆ ಎಂದು ತಿಳಿಸಿಕೊಟ್ಟದ್ದು ತಪಾಸಣೆಗೆ ಬರುತ್ತಿದ್ದ ಹಳೆಯ ಪಶುವೈದ್ಯರು. ಗಂಟಲ ಹಿಂದೆ, ಶ್ವಾಸಕೋಶಗಳ ನಡುವೆ, ಕರುಳಿನ ಪೊರೆಯಲ್ಲಿ ಗ್ರಂಥಿಗಳು ಎಲ್ಲೆಲ್ಲಿ ಇರುತ್ತವೆಂದು ತೋರಿಸಿದರು. ಕಣ್ಣು ಮುಚ್ಚಿ ಬೆರಳಿನಲ್ಲೇ ಹುಡುಕುವುದನ್ನು ನಾನಾಗಿ ಕಲಿತೆ. ಅವರು ನಿವೃತ್ತರಾದ ಮೇಲೆ ಮಣಿಪಾಲದಿಂದ ಸ್ಕೂಟರಿನಲ್ಲಿ ಬರುವ ಹೊಸ ಡಾಕ್ಟ್ರಮ್ಮ ಬಂದರು.

ಮೂರು ವರ್ಷದ ಹಿಂದಿನ ಮಾತು. ಕಾರ್ಕಳ ಕಡೆಯ ಮನೆಯೊಂದರಿಂದ ಮುದಿ ಎಮ್ಮೆ ಬಂದಿತ್ತು. ಕಾಗದಪತ್ರ ಸರಿ, ಮೈಯೂ ತುಂಬಿಕೊಂಡಿತ್ತು. ಮಾಂಸ ಕಾಪುವಿನ ಮದುವೆಗೆ ಹೋಗಬೇಕು. ವ್ಯಾಪಾರಿ ಬಾಗಿಲಲ್ಲಿ ಟೆಂಪೊ ನಿಲ್ಲಿಸಿ ಕಾಯುತ್ತಿದ್ದರು. ಎಮ್ಮೆ ಕೊಯ್ದಾದ ಮೇಲೆ ಡಾಕ್ಟ್ರಮ್ಮ ಶ್ವಾಸಕೋಶ ನೋಡಿದರು, ಲಿವರು ನೋಡಿದರು. ಎರಡೂ ಶುದ್ಧ. ಮಾಂಸ ತಿನ್ನಲು ಯೋಗ್ಯ ಎಂದು ಒತ್ತುವ ಸೀಲು ಕೈಗೆತ್ತಿಕೊಂಡರು.

ನಾನು ಅಷ್ಟರಲ್ಲಿ ಗಂಟಲ ಹಿಂದಿನ ಗ್ರಂಥಿಗೆ ಚೂರಿ ಹಾಕಿದೆ. ಮರಳು ಕೊಯ್ದ ಹಾಗೆ ಕರಕರ ಎಂದಿತು.

“ಎಂತ ಶಬ್ದ ಅದು?” ಎಂದರು ಡಾಕ್ಟ್ರಮ್ಮ.

“ಒಳಗೆ ಸುಣ್ಣ ಕಟ್ಟಿ ಉಂಟು ಡಾಕ್ಟ್ರೇ. ಸೀಲು ಹಾಕ್ಬೇಡಿ.”

ಬಿಡಿಸಿ ತೋರಿಸಿದೆ. ಒಣಗಿದ ಗಿಣ್ಣಿನಂಥ ಹಳದಿ, ನಡುನಡುವೆ ಬಿಳಿ ಕಣ. ಆ ಚೂರಿಯನ್ನು ಕುದಿಯುವ ನೀರಿಗೆ ಹಾಕಿ ಬೇರೆ ಚೂರಿಯಿಂದ ಭುಜದ ಗ್ರಂಥಿ ಕೊಯ್ದೆ, ತೊಡೆಯದ್ದು ಕೊಯ್ದೆ. ಅಲ್ಲೂ ಅದೇ. ಕ್ಷಯ ಮೈಯೆಲ್ಲ ಹರಡಿತ್ತು.

ವ್ಯಾಪಾರಿ ಒಳಗೆ ಬಂದರು. “ಎಂತ ಮಾರಾಯ, ನಾಲ್ಕು ಗಂಟಿಗೆ ಇಡೀ ಎಮ್ಮೆ ಮಣ್ಣಿಗಾ? ಕೆತ್ತಿ ಬಿಸಾಡು. ನಿನ್ನಪ್ಪ ಹಾಗೇ ಮಾಡ್ತಿದ್ದದ್ದಲ್ವಾ?”

“ಅಪ್ಪನಿಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತುಂಟು.”

“ಓಹೋ, ಏಳನೇ ಕ್ಲಾಸಿನ ಡಾಕ್ಟ್ರು!”

ಸುತ್ತ ಇದ್ದವರೆಲ್ಲ ನಕ್ಕರು. ಡಾಕ್ಟ್ರಮ್ಮ ನಗಲಿಲ್ಲ. “ಲ್ಯಾಬಿನಿಂದ ಎಂತದೂ ಇಲ್ಲ ಅಂತ ಬಂದ್ರೆ ಇಬ್ಬರ ಮರ್ಯಾದೆಯೂ ಹೋಗ್ತದೆ. ನಿಮಗೆ ಖಾತ್ರಿಯಾ?”

“ಹೋದ್ರೆ ನಂದು ಹೋಗ್ಲಿ. ಹೂಳುವ.”

ಗ್ರಂಥಿಯ ತುಂಡು ಬಾಟ್ಲಿಯಲ್ಲಿ ಲ್ಯಾಬಿಗೆ ಹೋಯಿತು. ಎಮ್ಮೆ ಸುಣ್ಣ ಹಾಕಿಸಿಕೊಂಡು ಮಣ್ಣಿಗೆ ಹೋಯಿತು. ಆಮೇಲೆ ವಾರಗಟ್ಟಲೆ ನಾನು ಕೆಲಸಕ್ಕೆ ಬಂದ ಕೂಡಲೇ ಯಾರಾದರೊಬ್ಬರು, “ಡಾಕ್ಟ್ರು ಬಂದ್ರು ಮಾರ್ರೆ, ಕುರ್ಚಿ ಕೊಡಿ” ಎನ್ನುವುದು. ನಾನೂ ನಗುತ್ತಿದ್ದೆ. ಮನೆಯಲ್ಲಿ ಹೆಂಡತಿ ಬಡಿಸಿದ ಮೀನು ಸಾರಿನ ರುಚಿ ಮಾತ್ರ ತಿಳಿಯುತ್ತಿರಲಿಲ್ಲ. ಕೈ ತಪ್ಪಿದ್ದರೆ? ಈ ಕೈಯೊಂದನ್ನು ಬಿಟ್ಟು ನನಗೆ ಬೇರೆ ಸರ್ಟಿಫಿಕೇಟು ಯಾವುದುಂಟು?

ವರದಿ ಬಂತು. ಕ್ಷಯವೇ. ಡಾಕ್ಟ್ರಮ್ಮ ಎಲ್ಲರೆದುರು ಜೋರಾಗಿ ಓದಿ ಹೇಳಿದರು, ನಂತರ ಕಾರ್ಕಳದ ಆ ಮನೆಗೆ ಹೋಗಿ ಉಳಿದ ಎರಡು ಎಮ್ಮೆಗಳ ಕುತ್ತಿಗೆಗೆ ಪರೀಕ್ಷೆಯ ಚುಚ್ಚುಮದ್ದು ಕೊಟ್ಟರು. ಮೂರನೇ ದಿನ ಒಂದಕ್ಕೆ ಚುಚ್ಚಿದ ಜಾಗ ಊದಿತು, ಅದಕ್ಕೂ ಕ್ಷಯ ಉಂಟೆಂದು ಅರ್ಥ. ಅದರ ಹಾಲನ್ನು ಮನೆಯವರು ಹಸಿಯಾಗಿಯೇ ಕುಡಿಯುತ್ತಿದ್ದರಂತೆ, ಅಂದೇ ನಿಂತಿತು. ಮನೆಯವರನ್ನೂ ಪರೀಕ್ಷೆ ಮಾಡಿಸಿದರು, ಯಾರಿಗೂ ಏನೂ ತಾಗಿರಲಿಲ್ಲ.

ಆ ಮನೆಯ ಹೆಂಗಸು ನನಗೆ ಫೋನು ಮಾಡಿದರು. “ನಮ್ಮ ಎಮ್ಮೆಯ ಸೀಕು ಕಂಡುಹಿಡಿದ ಡಾಕ್ಟ್ರು ನೀವಾ?”

“ಡಾಕ್ಟ್ರಲ್ಲ ಅಮ್ಮ, ಕೊಯ್ಯುವವ.”

ವ್ಯಾಪಾರಿ ಈಗ ಮೊದಲೇ ಟೆಂಪೊ ತರುವುದಿಲ್ಲ. “ನೀನು ಗಂಟಲು ನೋಡಿ ಹೇಳು, ಆಮೇಲೆ ಬರ್ತೇನೆ” ಎನ್ನುತ್ತಾರೆ.

ಈಗ ನನ್ನಲ್ಲಿರುವುದು ಇಷ್ಟು: ಚೂರಿ ನಾಲ್ಕು, ಅದರಲ್ಲಿ ಒಂದು ಗ್ರಂಥಿಗೆಂದೇ, ಮಸೆಯುವ ಕಲ್ಲು ಒಂದು, ಗಂಬೂಟು ಒಂದು ಜೊತೆ, ಬೆರಳು ಒಂಬತ್ತೂವರೆ.