ಅಣ್ಣನ ಫೋನಿನಿಂದ ಬಂದ ಫೀಸು

ರೇಣವ್ವ, ನಿಮ್ಮ ಅಣ್ಣ ಆ ತಿಂಗಳ ಫೀಸು ಕಟ್ಟಿದ್ದರು. ಕಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನೀವು ಬಾಗಿಲಲ್ಲಿ ನಿಂತು ಕೇಳುತ್ತಿರುವಾಗಲೇ, ಕಟ್ಟಿಲ್ಲ ಎಂದು ಹೇಳಿದೆ.

ಇಷ್ಟನ್ನು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು. ನಿಮಗೆ ಓದಲು ಬರುವುದಿಲ್ಲ ಎಂಬುದೇ ನನಗೊಂದು ನೆಪವಾಗಿತ್ತು — ಬರೆದು ಏನು ಪ್ರಯೋಜನ ಎಂದು. ನಾಳೆ ಸಂಜೆ, ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುವ ನಿಮ್ಮ ಮಗಳು ಗಂಗಾಳನ್ನು ಕರೆದುಕೊಂಡು ಹೋಗಲು ನೀವು ಬಂದಾಗ ನಾನೇ ಇದನ್ನು ಓದಿ ಹೇಳುತ್ತೇನೆ. ಬಾಯಿಮಾತಿನಲ್ಲಿ ಹೇಳಹೊರಟರೆ ನಡುವೆ ಎಲ್ಲೋ ಜಾಣತನ ಮಾಡಿಬಿಡುತ್ತೇನೆ. ನನ್ನನ್ನು ನಾನು ಬಲ್ಲೆ. ಅದಕ್ಕೇ ಕಾಗದದ ಮೇಲೆ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಶಿಶುಪಾಲನಾ ಕೇಂದ್ರದಲ್ಲಿ ಆಗ ಮುನ್ನೂರು ಮಕ್ಕಳು. ಮಣಿಪಾಲದ ಡಾಕ್ಟರರ ಮಕ್ಕಳು, ಕಾಲೇಜಿನ ಮೇಷ್ಟ್ರುಗಳ ಮಕ್ಕಳು, ಜೊತೆಗೆ ಕಡಿಮೆ ಫೀಸಿನಲ್ಲಿ ಹಾಸ್ಟೆಲ್ ಗುಡಿಸುವ ನಿಮ್ಮಂಥವರ ಮಕ್ಕಳು. ಫೀಸು ಬರೆದುಕೊಳ್ಳುತ್ತಿದ್ದವರು ವಸಂತಿ ಅಕ್ಕ, ಉದ್ದನೆಯ ರಿಜಿಸ್ಟರಿನಲ್ಲಿ. ಯಾರ ಹಣ ಯಾರ ಫೋನಿನಿಂದ ಬರುತ್ತದೆ ಎಂಬುದು ಅವರಿಗೆ ಬಾಯಿಪಾಠ. ನಿಮ್ಮ ಬಳಿ ಇದ್ದದ್ದು ಬಟನ್ ಫೋನು. ಸಂಬಳದ ದಿನ ನೀವು ಹಣವನ್ನು ಅಣ್ಣನ ಕೈಗೆ ಕೊಡುತ್ತಿದ್ದಿರಿ, ಸಂತೆಕಟ್ಟೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ ಹನುಮಂತಪ್ಪ ತಮ್ಮ ಫೋನಿನಿಂದ ನಮಗೆ ಕಳಿಸುತ್ತಿದ್ದರು. ವಸಂತಿ ಅಕ್ಕ ಬರೆಯುತ್ತಿದ್ದರು: ‘ಗಂಗಾ — ಮಾವನ ಫೋನ್.’ ನಿಮ್ಮ ಹಾಗೆ ಗಾರೆ ಮೇಸ್ತ್ರಿಯ ಫೋನಿನಿಂದ, ಅಂಗಡಿಯವರ ಫೋನಿನಿಂದ, ಮಲ್ಲಿಗೆ ಕಟ್ಟಿಸುವ ಶಂಕರಪುರದ ಯಜಮಾನತಿಯ ಫೋನಿನಿಂದ ಕಟ್ಟುವವರು ನಲವತ್ತು ಮನೆಯವರಾದರೂ ಇದ್ದರು.

ಆಡಳಿತ ಮಂಡಳಿಯವರು ಫೀಸಿಗೊಂದು ಸಾಫ್ಟ್‌ವೇರ್ ತರಿಸೋಣ ಎಂದರು. ಮ್ಯಾನೇಜರಾದ ನನಗೆ ಹೇಳಿದರು — ಒಂದು ತಿಂಗಳು ಪರೀಕ್ಷೆ ಮಾಡಿ, ಯಾವುದನ್ನು ನಂಬಬಹುದೋ ನೀವೇ ಬರೆದುಕೊಡಿ ಎಂದು. ಎರಡು ಉಳಿದವು. ಒಂದರಲ್ಲಿ ಪ್ರತಿ ಸಲವೂ ಮಗುವಿನ ನಂಬರ್ ಒತ್ತಬೇಕು. ನೋಡಲು ಚಂದವಿಲ್ಲ, ನಿಧಾನ. ಇನ್ನೊಂದು ಕಟ್ಟಿದವರ ಫೋನ್ ನಂಬರಿನಿಂದಲೇ ಮಗುವನ್ನು ಗುರುತಿಸುತ್ತದೆ, ರಸೀದಿ ತಾನೇ ಹೋಗುತ್ತದೆ, ಬಾಕಿ ಉಳಿದರೆ ಗೇಟಿನಲ್ಲಿರುವ ಟ್ಯಾಬ್‌ನಲ್ಲಿ ಮಗುವಿನ ಹೆಸರು ಕೆಂಪಾಗುತ್ತದೆ. ನನಗೆ ಅದರ ಮೇಲೆ ಮನಸ್ಸು ಹೋಯಿತು. ಸೀರೆ ಅಂಗಡಿಯಲ್ಲಿ ಮೊದಲು ಬಿಡಿಸಿದ ಸೀರೆಯ ಮೇಲೆ ಹೋಗುತ್ತದಲ್ಲ, ಹಾಗೆ.

ಪರೀಕ್ಷೆ ಮಾಡಿದ್ದು ನಿಜ. ಹದಿನೈದು ಸಲ ಹಣ ಕಟ್ಟಿ ನೋಡಿದೆ. ಹದಿನೈದು ಸಲವೂ ನನ್ನದೇ ಫೋನಿನಿಂದ. ವಸಂತಿ ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದವರು ಕೇಳಿದರು: “ಬೇರೆಯವರ ಮೊಬೈಲಿಂದ ಹಾಕುವವರು ಇದ್ದಾರಲ್ಲ, ಅವರದ್ದು ಎಂತ ಆಗ್ತದೆ? ಅದು ಇದಕ್ಕೆ ಗೊತ್ತುಂಟಾ?”

“ಅದೆಲ್ಲ ಅದೇ ನೋಡಿಕೊಳ್ತದೆ ಅಕ್ಕ. ನಿಮ್ಮ ರಿಜಿಸ್ಟರಿನ ಹಾಗಲ್ಲ ಇದು,” ಎಂದೆ. ಕಂಪನಿಯಿಂದ ಬಂದ ಹುಡುಗಿ ನಕ್ಕಳು. ನಾನೂ ನಕ್ಕೆ. ವರದಿಯಲ್ಲಿ ನಾನು ಬರೆದೆ: ‘ಎಲ್ಲ ಬಗೆಯ ಪಾವತಿಗಳನ್ನೂ ಪರೀಕ್ಷಿಸಲಾಗಿದೆ.’ ಮಂಡಳಿಯವರು ಮೆಚ್ಚಿದರು. ಆಡಳಿತಾಧಿಕಾರಿ ಎಂಬ ಫಲಕ ನನ್ನ ಬಾಗಿಲಿಗೆ ಬಂದದ್ದು ಆ ಒಂದು ಸಾಲಿನ ಬಲದಿಂದ.

ಜುಲೈಯಲ್ಲಿ ಹಲವು ಮಕ್ಕಳ ಹೆಸರಿನ ಜೊತೆ ಗಂಗಾಳ ಹೆಸರೂ ಕೆಂಪಾಯಿತು. ಕಾವಲಿನವನು ಒಳಗೆ ಬಿಡಲಿಲ್ಲ. ಅವನ ತಪ್ಪಲ್ಲ, ಕೆಂಪಾದರೆ ಬಿಡಬೇಡ ಎಂದು ಕಲಿಸಿದ್ದು ನಾನು. ನೀವು ನನ್ನ ಹತ್ತಿರ ಬಂದಿರಿ. “ನಮ್ಮಣ್ಣ ಹಾಕ್ಯಾನ್ರೀ ಮೇಡಂ, ಮೊನ್ನೇನ ಹಾಕ್ಯಾನ್ರೀ,” ಎಂದಿರಿ. ನಾನು ಪರದೆ ನೋಡಿದೆ. ಇಲ್ಲ ಎಂದೆ. ಆ ದಿನ ನನಗೆ ಗೊತ್ತಿರಲಿಲ್ಲ — ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಗೊತ್ತಿರದಿದ್ದರೆ ಹುಡುಕಬಹುದಿತ್ತು. ವಸಂತಿ ಅಕ್ಕನನ್ನು ಕರೆದು ಒಂದು ಮಾತು ಕೇಳಬಹುದಿತ್ತು. ಅವರನ್ನು ಕೇಳುವುದು ನನಗೆ… ಆಗುತ್ತಿರಲಿಲ್ಲ.

ನಿಮಗೆ ರಜೆ ಸಿಗಲಿಲ್ಲ. ಮಗುವನ್ನು ಅಣ್ಣನ ಕೆಲಸದ ಜಾಗದಲ್ಲಿ ಬಿಟ್ಟಿರಿ. ಮರುದಿನವೂ ಬಿಟ್ಟಿರಿ. ಆ ಮರುದಿನ ಗಂಗಾ ಒಡೆದ ಸುಣ್ಣದ ಚೀಲದ ಪಕ್ಕ ಕೂತು ಎರಡೂ ಕೈಯಲ್ಲಿ ಆಡಿ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡಳು. ನಾಲ್ಕು ವರ್ಷದ ಮಗು. ಎಡಗಣ್ಣು ಉಳಿಯಿತು. ಬಲಗಣ್ಣಿನ ಮೇಲೆ ಇವತ್ತಿಗೂ ಬಿಳಿ ಪೊರೆ ಇದೆ, ನಾನು ದಿನವೂ ನೋಡುತ್ತೇನೆ.

ಸುದ್ದಿ ಬಂದಾಗ ನಾನು ಕಂಪನಿಗೆ ಫೋನ್ ಮಾಡಿದೆ. ‘ಗುರುತು ಸಿಗದ ಪಾವತಿ’ ಎಂದು ಇನ್ನೊಂದು ಪಟ್ಟಿ ಇದೆ ಮೇಡಂ, ಅದನ್ನು ನೀವೇ ತೆಗೆದು ನೋಡಬೇಕು, ಎಂದರು. ತೆಗೆದೆ. ಅಲ್ಲಿತ್ತು. ಹನುಮಂತಪ್ಪ ಎಂಬ ಹೆಸರು, ನಿಮ್ಮ ಫೀಸಿನ ಮೊತ್ತ, ಗಡುವಿಗೆ ಎರಡು ದಿನ ಮೊದಲಿನ ತಾರೀಕು. ಅದರ ಕೆಳಗೆ ಇನ್ನೂ ಎಷ್ಟೋ ಹೆಸರುಗಳಿದ್ದವು. ಹೆದರಿ ಆ ಪಟ್ಟಿಯನ್ನು ಮುಚ್ಚಿದೆ. ಮಗುವಿನ ಕಣ್ಣನ್ನು ನೆನೆದಲ್ಲ ರೇಣವ್ವ. ವರದಿಯ ಆ ಸಾಲು ಮತ್ತು ಅದರ ಕೆಳಗಿನ ನನ್ನ ಸಹಿಯನ್ನು ನೆನೆದು.

ಒಂದು ಗಂಟೆಯೂ ಆಗಿರಲಿಲ್ಲ, ಆಸ್ಪತ್ರೆಯಿಂದ ನೀವಿಬ್ಬರೂ ನೇರ ಬಂದಿರಿ. ನಿಮ್ಮ ಅಣ್ಣನ ಕೈ ತುಂಬ ಸಿಮೆಂಟು. ಫೋನನ್ನು ನನ್ನ ಮುಂದೆ ಹಿಡಿದರು. “ನೋಡ್ರೀ ಅಕ್ಕಾರ, ಹಸರ ಗುರುತು ಬಂದೈತಿ. ನಾ ಹಾಕೇನ್ರೀ. ಅಕಿಗಿ ಒಂದ್ ಮಾತ ಹೇಳ್ರೀ.”

ಅವರು ನನ್ನಲ್ಲಿ ಬೇಡಿದ್ದು ಹಣವನ್ನಲ್ಲ, ನಿಮ್ಮ ಮುಂದೆ ಒಂದು ಮಾತು. ನಾನು ಹೇಳಿದೆ: “ಇದು ನಮಗೆ ಬಂದದ್ದಲ್ಲ ಮಾರಾಯ್ರೆ. ನೀವು ಬೇರೆ ಎಲ್ಲಿಗೋ ಹಾಕಿದ್ದೀರಿ.”

ಒಂದೊಂದು ದಿನ ಅವರು ಕುಡಿಯುತ್ತಿದ್ದದ್ದು ನಿಮಗೆ ಗೊತ್ತಿತ್ತು. ನಾನು ಆಡಿದ ‘ಬೇರೆ ಎಲ್ಲಿಗೋ’ ನೇರ ಅಲ್ಲಿಗೇ ಹೋಗಿ ಬಿತ್ತು. ನೀವು ಕೂಗಲಿಲ್ಲ. “ಕೂಸಿನ ರೊಕ್ಕಾನೂ ಬಿಡಲಿಲ್ಲೇನೋ ಅಣ್ಣಾ?” ಎಂದಿರಿ, ಅಷ್ಟೇ. ಅವರು ನಿಮ್ಮನ್ನು ನೋಡಿದರು, ನನ್ನನ್ನು ನೋಡಿದರು. ಮರುದಿನ ಯಾರಲ್ಲೋ ಸಾಲ ಮಾಡಿ ಬಂದು ಎರಡನೆಯ ಸಲ ಫೀಸು ಕಟ್ಟಿದರು. ನಾನು ರಸೀದಿ ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಮಕ್ಕಳಿಗೆ ನಗುತ್ತಾ ಹೇಳುತ್ತಿದ್ದವಳು ನಾನು. ಬರೆ ಎಳೆಯುವ ಕೈಗೆ ಬಿಸಿ ಹೇಗೆ ತಾಗುವುದೇ ಇಲ್ಲ ಎಂಬುದು ಅವತ್ತು ಗೊತ್ತಾಯಿತು.

ಮೊದಲ ಸಲ ಕಟ್ಟಿದ್ದನ್ನು ‘ಹೆಸರು ಹೇಳಲಿಚ್ಛಿಸದ ದಾನಿ’ ಎಂದು ಜಮಾ ಮಾಡಿಬಿಟ್ಟೆ. ಉಳಿದವರ ಹಣವನ್ನೆಲ್ಲ ಆ ವಾರವೇ ಸದ್ದಿಲ್ಲದೆ ಸರಿಪಡಿಸಿದೆ. ಬೇರೆ ಫೋನ್ ನಂಬರನ್ನೂ ಸೇರಿಸುವ ಹಾಗೆ ಕಂಪನಿಯವರಿಂದ ಮಾಡಿಸಿದೆ. ನನ್ನ ಮುತುವರ್ಜಿಗೆ ಮತ್ತೊಮ್ಮೆ ಹೊಗಳಿಕೆ ಬಂತು. ವಸಂತಿ ಅಕ್ಕ ಮಾತ್ರ ಆ ವರ್ಷವೇ ಕೆಲಸ ಬಿಟ್ಟರು.

ಆಮೇಲೆ ನಾಗರಪಂಚಮಿ ಬಂತು. ಪ್ರತಿ ವರ್ಷ ನಿಮ್ಮ ಅಣ್ಣ ಶೇಂಗಾ ಉಂಡಿ, ಕುಪ್ಪಸದ ಬಟ್ಟೆ ಹಿಡಿದು ನಿಮ್ಮ ಕೋಣೆಗೆ ಬರುವುದು, ಹೊರಗಿನ ಗೋಳಿಮರಕ್ಕೆ ಗಂಗಾಳಿಗೆ ಜೋಕಾಲಿ ಕಟ್ಟುವುದು — ಇದನ್ನೆಲ್ಲ ನೀವೇ ನನಗೆ ಹೇಳಿದ್ದು. ಆ ಸಲ ನೀವು ಬಾಗಿಲು ತೆಗೆಯಲಿಲ್ಲವಂತೆ. ಉಂಡಿಯ ಡಬ್ಬ ಹೊಸ್ತಿಲಲ್ಲೇ ಇತ್ತಂತೆ, ಇರುವೆ ಮುತ್ತಿ. ಹೇಳುತ್ತಾ ನೀವು ನನ್ನ ಕೈಗೆ ಒಂದು ಚೆಂಡು ಮಲ್ಲಿಗೆ ಕೊಟ್ಟಿರಿ. “ನೀವು ಹೇಳಿದ್ದಕ್ಕ ಗೊತ್ತಾತ್ರೀ ಮೇಡಂ. ಇಲ್ಲಂದ್ರ ನಾ ಇನ್ನೂ ಅವನ್ನ ನಂಬತಿದ್ದೆ,” ಎಂದಿರಿ.

ನಾನು ಆ ಹೂವನ್ನು ಮುಡಿದುಕೊಂಡೆ. ನೀವು ನೋಡುತ್ತಿದ್ದಿರಿ ಎಂದು… ಇಲ್ಲ. ಮುಡಿದುಕೊಂಡೆ, ಅಷ್ಟೇ.

ಹೋದ ಭಾನುವಾರ ನಾನು ಕಾರ್ಕಳಕ್ಕೆ ಹೋಗಿ ನಿಮ್ಮ ಅಣ್ಣನನ್ನು ಕಂಡೆ. ಸಂತೆಕಟ್ಟೆಯ ಗುತ್ತಿಗೆದಾರರು ವಿಳಾಸ ಕೊಟ್ಟಿದ್ದರು. ಬಸ್ ನಿಲ್ದಾಣದ ಹಿಂದೆ ಕಟ್ಟುತ್ತಿರುವ ಮೂರು ಮಹಡಿಯ ಕಟ್ಟಡದಲ್ಲಿ ಅವರು ಈಗ ಮೇಸ್ತ್ರಿ. ನಿಂತಲ್ಲೇ ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಒಂದು ಪ್ರಶ್ನೆ ಕೇಳಿದರು: “ಅಕಿಗಿ ಹೇಳೀರೇನ್ರೀ?”

ಇನ್ನೂ ಇಲ್ಲ, ಹೇಳುತ್ತೇನೆ ಎಂದೆ.

“ಬ್ಯಾಡ್ರೀ,” ಎಂದರು. “ಈಗ ಅಕಿ ನನ್ನ ಮ್ಯಾಲ ಸಿಟ್ಟ ಇಟ್ಕೊಂಡ ಬದುಕ್ಯಾಳ. ನಿಜ ಗೊತ್ತಾದ್ರ ಆ ಸಿಟ್ಟ ತನ್ನ ಮ್ಯಾಲ ತಿರುಗಿಸ್ಕೋತಾಳ. ಕೂಸನ್ನ ಸುಣ್ಣದಾಗ ಬಿಟ್ಟಾಕಿ ನಾನ, ಅಣ್ಣನ್ನ ಕಳ್ಳ ಅಂದಾಕಿ ನಾನ ಅಂತ ಕುಂದರತಾಳ. ಅದನ್ನ ಅಕಿ ತಡಕೊಳ್ಳೂದಿಲ್ರೀ. ನಾ ಕಳ್ಳನ ಇರ್ತೇನಿ ಬಿಡ್ರೀ.”

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಾನಿಸಿ ಅತ್ತೆ. ಅಳು ಬಂತು ಎಂದ ಮಾತ್ರಕ್ಕೆ ನಾನು ಒಳ್ಳೆಯವಳಾಗಲಿಲ್ಲ. ಭಾನುವಾರದಿಂದ ಇವತ್ತಿನವರೆಗೆ ಅವರ ಮಾತನ್ನು ಹಿಡಿದುಕೊಂಡು ಸುಮ್ಮನಿರಲು ನೋಡಿದೆ. ಎಷ್ಟು ಅನುಕೂಲದ ಮಾತು ಅದು — ನನ್ನ ಫಲಕ ಬಾಗಿಲ ಮೇಲೇ ಇರುತ್ತದೆ, ಮೇಲಿಂದ ನಿಮ್ಮ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂಬ ಪುಣ್ಯವೂ ಸಿಗುತ್ತದೆ. ಅನುಕೂಲವಾದದ್ದನ್ನು ನಂಬಬಾರದು ಎಂದು ಈಗೀಗ ಕಲಿಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಮಂಡಳಿಗೆ ಎಲ್ಲವನ್ನೂ ಬರೆದುಕೊಟ್ಟೆ, ರಾಜೀನಾಮೆಯನ್ನೂ ಜೊತೆಗಿಟ್ಟೆ. ನಾಳೆ ನಿಮಗೆ.

ನಿಮಗೆ ನೋವಾಗುತ್ತದೆ. ಅಣ್ಣ ಹೇಳಿದ ಹಾಗೆಯೇ ಆಗಬಹುದು. ಆದರೆ ಕೇಳಿ — ಮಗುವನ್ನು ಗೇಟಿನಿಂದ ಹೊರಗೆ ನಿಲ್ಲಿಸಿದವಳು ನಾನು, ಅಣ್ಣನನ್ನು ಕಳ್ಳ ಎಂದವಳು ನಾನು. ನೀವು ನಂಬಿದಿರಿ, ಏಕೆಂದರೆ ಕುರ್ಚಿಯಲ್ಲಿ ಕೂತವರು ಸುಳ್ಳು ಹೇಳುವುದಿಲ್ಲ ಎಂದುಕೊಂಡಿದ್ದಿರಿ. ಕ್ಷಮಿಸಿ ಎಂದು ನಾನು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಯೂ ಬಿಡಬಹುದು, ಅದಕ್ಕೇ ಕೇಳುವುದಿಲ್ಲ.

ಕಾರ್ಕಳದ ವಿಳಾಸವನ್ನು ಈ ಕಾಗದದ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಗಂಗಾ ಅದನ್ನು ಓದಬಲ್ಲಳು.