ಹುಣಸೆಮರಕ್ಕೆ ಹಾಕಿದ ಜೀನು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೇಳಿದ್ದೂ ಊಟಕ್ಕೆ ಕುಳಿತಾಗ, ಎಲ್ಲರೆದುರಿಗೆ, ರೊಟ್ಟಿ ಮುರಿಯುತ್ತ.

"ನಮ್ಮಪ್ಪನ ಬಿಟ್ರ ಆ ಗಿಡದ ತುದಿ ಗಂಡಸರೂ ಮುಟ್ಟಿಲ್ಲ. ನೀ ಹತ್ತಿ ಇಳದ ದಿನ ನಿನ್ನ ಡಿಗ್ರಿ ಬಂತಂತ ತಿಳಕೋ."

ಗಿಡ ಎಂದರೆ ನರೇಗಲ್ ದಾರಿಗಿರುವ ನಮ್ಮ ಹೊಲದ ಬದುವಿನ ಹುಣಸೆಮರ. ನಾನಾಗ ದಿನಾ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋಗಿಬರುತ್ತ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಒಳಗೆ ಕಾಲಿಟ್ಟವಳು ನಾನೇ ಮೊದಲು. ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕು, ಅದಿಲ್ಲದೆ ಪದವಿ ಇಲ್ಲ. ತುದಿಯ ಹುಣಸೆಹಣ್ಣು ಸಿಹಿ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದು ಖರೆಯೋ ಸುಳ್ಳೋ ನೋಡುತ್ತೇನೆ, ಕೆಳಗಿನ ಟೊಂಗೆಯ ಹಣ್ಣನ್ನೂ ತುದಿಯ ಹಣ್ಣನ್ನೂ ಹೋಲಿಸುತ್ತೇನೆ ಎಂದು ಸರ್ ಮುಂದೆ ಹೇಳಿ ಬಂದುಬಿಟ್ಟಿದ್ದೆ. ಹೇಳುವಾಗ ತುದಿ ಎಷ್ಟು ಎತ್ತರ ಎಂಬ ವಿಚಾರ ತಲೆಗೆ ಬರಲಿಲ್ಲ.

ಮೇಲಾಗಿ ಮರದ ಹಣ್ಣನ್ನು ಗುತ್ತಿಗೆ ಹಿಡಿದವರು ಸಂತೆ ಮುಗಿದ ಮೇಲೆ ಬಡಿಯಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಅವರು ಉದ್ದನೆಯ ಬಿದಿರುಗಳ ಹಿಡಿದು ಬಡಿದರೆ ತುದಿಯದೂ ಬುಡದ್ದೂ ಒಂದೇ ರಾಶಿ. ಆಮೇಲೆ ನಾನು ಹೋಲಿಸುವುದು ಏನನ್ನು?

ಮರ ಹತ್ತುವ ರೀತಿಯನ್ನು ಮೊಬೈಲಿನಲ್ಲಿ ನೋಡಿಕೊಂಡೆ. ಹೊರದೇಶದವರು ಟೊಂಗೆಯ ಮೇಲೆ ಸುಮ್ಮನೆ ಹಗ್ಗ ಹಾಕಿ ಎಳೆಯುವುದಿಲ್ಲ. ಹಾಗೆ ಮಾಡಿದರೆ ಹಗ್ಗ ಗರಗಸದಂತೆ ತೊಗಟೆ ಕೊಯ್ಯುತ್ತದೆ, ತಾನೂ ಸವೆಯುತ್ತದೆ. ಅದಕ್ಕೆ ಅವರು ಎರಡು ಲೋಹದ ಬಳೆಗಳನ್ನು ಒಂದು ಪಟ್ಟಿಯಿಂದ ಜೋಡಿಸಿ ಟೊಂಗೆಯ ಆಚೆ ಈಚೆ ಇಳಿಬಿಡುತ್ತಾರೆ. ಹತ್ತುವ ಹಗ್ಗ ಬಳೆಗಳ ಒಳಗೆ ಹಾದುಹೋಗುತ್ತದೆ, ಮರಕ್ಕೆ ತಾಗುವುದೇ ಇಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ಅದನ್ನು ನೋಡಿದರು. "ಅವರ ಹತ್ರ ಸಾಮಾನ ಐತಿ. ನಿನ್ನ ಹತ್ರ ಏನೈತಿ?"

"ಎತ್ತಿನ ಸಾಮಾನ ಐತೆಲ್ಲ ದೊಡ್ಡಪ್ಪಾ."

ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಮಾರಿದ್ದೆವು. ಆದರೆ ಅವುಗಳ ಹಗ್ಗ, ಗೆಜ್ಜೆ, ಕಬ್ಬಿಣದ ಬಳೆ, ತೊಗಲಿನ ಪಟ್ಟಿ ಎಲ್ಲ ದನದ ಮನೆಯ ಗೂಟಕ್ಕೆ ಇನ್ನೂ ತೂಗುಬಿದ್ದಿದ್ದವು. ಯಾರಾದರೂ ಮುಟ್ಟಿದರೆ ದೊಡ್ಡಪ್ಪ ಗದರುತ್ತಿದ್ದರು. ನಾನು ಗದರಿಕೆಗೆ ಕಾಯುತ್ತ ನಿಂತೆ. ಅವರು ಎದ್ದು ಹೋಗಿ ಎರಡು ಬಳೆ ತಂದರು. ಕುಳಿತು ಬೂದಿ ಹಾಕಿ ತಿಕ್ಕಿದರು.

"ಹತ್ತಾಕ ಆಗೂದಿಲ್ಲ, ಅದು ಬ್ಯಾರೆ ಮಾತು. ಬಳಿ ಮಾತ್ರ ಚಲೋ ಅದಾವ," ಎಂದರು.

ತೊಗಲಿನ ಪಟ್ಟಿಯನ್ನು ಅಪ್ಪ ಎರಡು ಮಡಿಕೆ ಮಾಡಿ ಹೊಲಿದು ಬಳೆ ಜೋಡಿಸಿಕೊಟ್ಟ. ಟೊಂಗೆಯ ಮೇಲೆ ಕುಳಿತಾಗ ಅದು ಕುದುರೆಯ ಬೆನ್ನಿನ ಜೀನಿನ ಹಾಗೆಯೇ ಕಾಣುತ್ತಿತ್ತು, ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ 'ಗಿಡದ ಜೀನು' ಎಂದೇ ಹೆಸರಾಯಿತು. ಹಗ್ಗವನ್ನು ಪುಂಡಿನಾರಿನಿಂದ ಹೊಸೆದೆವು. ಪುಂಡಿಯ ಸೊಪ್ಪು ಪಲ್ಯಕ್ಕೆ ಹೋಗುತ್ತದೆ. ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿ ಸುಲಿದರೆ ನಾರು. ಅಂಗಳದ ಆ ತುದಿಗೆ ಅಪ್ಪ, ಈ ತುದಿಗೆ ನಾನು, ನಡುವೆ ಎಳೆ ಕೂಡಿಸುತ್ತ ಅವ್ವ. ದೊಡ್ಡಪ್ಪ ಕಟ್ಟೆಯ ಮೇಲೆ ಕುಳಿತು "ಹುರಿ ಸಡ್ಲಾತು, ಹುರಿ ಸಡ್ಲಾತು" ಎಂದು ಬೈಯುವ ಕೆಲಸ ವಹಿಸಿಕೊಂಡರು. ಜೋಳದ ಚೀಲವನ್ನು ತೂಗಿಬಿಟ್ಟು ನೋಡಿದೆವು. ಹಗ್ಗ ತಡೆಯಿತು.

ಹತ್ತುವ ದಿನ ಅವ್ವ ನನಗಿಂತ ಮೊದಲು ಎದ್ದಿದ್ದಳು. ಹೊಲದಲ್ಲಿ ಉಸುಕಿನ ಚೀಲ ಕಟ್ಟಿದ ದಾರವನ್ನು ಟೊಂಗೆಯಾಚೆ ಎಸೆದು, ಅದರ ಹಿಂದೆ ಜೀನನ್ನು ಎಳೆದು ಕೂರಿಸಿದೆವು. ಬಿದ್ದರೆ ಪೆಟ್ಟಾಗದಂತೆ ಬುಡಕ್ಕೆ ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಸಿವುಡು ಹಾಸಿದ್ದೆವು. ಹಗ್ಗದ ಒಂದು ತುದಿ ನನ್ನ ಸೊಂಟಕ್ಕೆ, ಬಳೆಯಾಚೆ ಇಳಿಬಿದ್ದ ಇನ್ನೊಂದು ಪಾಲಿನ ಮೇಲೆ, ನನ್ನ ಸೊಂಟಕ್ಕೇ ಕಟ್ಟಿದ ಸಣ್ಣ ಹಗ್ಗದ ಗಂಟು. ಕೈಯಿಂದ ದೂಡಿದರೆ ಆ ಗಂಟು ಮೇಲೆ ಸರಿಯಬೇಕು, ಮೈಭಾರ ಬಿದ್ದರೆ ಕಚ್ಚಿ ಹಿಡಿಯಬೇಕು. ಅಪ್ಪನ ಹಳೆಯ ಪ್ಯಾಂಟು ತೊಟ್ಟು ನಾನು ಆಳೆತ್ತರ ಏರಿದೆ. ಭಾರ ಬಿಟ್ಟೆ. ಗಂಟು ಕಚ್ಚಲಿಲ್ಲ. ಸರ್ರನೆ ಜಾರಿ ಕಣಿಕೆಯ ಮೇಲೆ ಕುಳಿತೆ.

"ಬಾವಿಗೆ ಕೊಡ ಇಳದಂಗ ಇಳದಿ ನೋಡು," ಎಂದರು ದೊಡ್ಡಪ್ಪ.

ನನ್ನ ಅಂಗೈ ಮಿರಿಮಿರಿ ಹೊಳೆಯುತ್ತಿತ್ತು. ಮೂಸಿ ನೋಡಿದರೆ ಹರಳೆಣ್ಣೆ. ಎಲ್ಲರೂ ಅವ್ವನ ಕಡೆ ತಿರುಗಿದೆವು. ಅವಳು ಸೆರಗು ಸರಿಮಾಡಿಕೊಂಡಳು.

"ಹೊಸ ಹಗ್ಗ, ಕೈ ಹರದೀತಂತ ನಸುಕಿನ್ಯಾಗ ಹಚ್ಚಿದೆ. ಎತ್ತಿನ ಕೊರಳ ಹಗ್ಗಕ್ಕ ಹಚ್ಚತಿದ್ದಿಲ್ಲೇನ?"

ಹೌದು, ಹಚ್ಚುತ್ತಿದ್ದೆವು. ಎತ್ತಿನ ಕೊರಳು ಉಜ್ಜಬಾರದೆಂದು ಹೊಸ ಹಗ್ಗಕ್ಕೆ ಎಣ್ಣೆ ಹಚ್ಚುವುದು ನಮ್ಮಲ್ಲಿ ಕೂಸಿಗೆ ಎಣ್ಣೆ ಹಚ್ಚಿದಷ್ಟೇ ಸಹಜ. ಎಲ್ಲರಿಗಿಂತ ಮೊದಲು ನಗತೊಡಗಿದವನು ಅಪ್ಪ. ನಕ್ಕು ಮುಗಿದ ಮೇಲೆ ನನಗೆ ಅಳು ಬಂತು. ನಾಳೆ ಸಂತೆ, ನಾಡಿದ್ದು ಗಳದವರು. ನಾರಿಗೆ ಕುಡಿಸಿದ ಎಣ್ಣೆಯನ್ನು ವಾಪಸು ತೆಗೆಯುವುದು ಹೇಗೆ?

ದೊಡ್ಡಪ್ಪ ಮನೆಯ ಕಡೆ ನಡೆದರು. ನಾವು ಮನೆ ಮುಟ್ಟುವಷ್ಟರಲ್ಲಿ ಅಟ್ಟದಿಂದ ಒಂದು ಪುಂಡಿನಾರಿನ ಹೊರೆ ಇಳಿಸಿ ಅಂಗಳದಲ್ಲಿ ಹರವಿದ್ದರು. ಎತ್ತು ಇಲ್ಲದ ಮನೆಯಲ್ಲಿ ಅದನ್ನು ಯಾಕೆ ಕೂಡಿಟ್ಟಿದ್ದರೋ ನಾನು ಕೇಳಲಿಲ್ಲ.

"ಬರ್ರಿ, ಲಗೂ ಹಿಡೀರಿ. ಈ ಸಲ ಹುರಿ ನಾ ಹಾಕತೀನಿ," ಎಂದವರು ನನ್ನ ಕಡೆ ನೋಡಿ, "ನಿಮ್ಮವ್ವಗ ಹೇಳು, ಎಣ್ಣಿ ಡಬ್ಬಿಗೆ ಕೀಲಿ ಹಾಕ್ಲಿ," ಎಂದರು. ತಮ್ಮನ ಹೆಂಡತಿಯ ಜೊತೆ ಅವರು ನೇರ ಮಾತಾಡುವುದಿಲ್ಲ. ಏನಿದ್ದರೂ ನನ್ನ ಮುಖಾಂತರ.

ಸಂತೆಯ ದಿನ ಊರು ಖಾಲಿಯಾಗಿದ್ದಾಗ ಹತ್ತಿದೆ. ಗಂಟು ಕಚ್ಚಿತು. ದೂಡಿದೆ, ಕುಳಿತೆ, ದೂಡಿದೆ, ಕುಳಿತೆ. ಕವಲು ಸಿಕ್ಕಲ್ಲಿ ಜೀನನ್ನು ಇನ್ನೂ ಮೇಲಿನ ಟೊಂಗೆಗೆ ದಾಟಿಸಿದೆ. ಹಗ್ಗ ಬಳೆಯೊಳಗೆ ಹರಿಯುವಾಗ ಆಗುವ ಸಣ್ಣ ಸದ್ದು ನಮ್ಮ ಎತ್ತು ತಲೆ ಅಲ್ಲಾಡಿಸಿದಾಗ ಕೇಳುತ್ತಿದ್ದ ಸದ್ದೇ. ತುದಿಯಲ್ಲಿ ಗಾಳಿ ಬೇರೆ ಥರ ಇತ್ತು. ಜೋಳದ ಹೊಲಗಳ ಆಚೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ನನ್ನ ಸಮಕ್ಕೇ ತಿರುಗುತ್ತಿದ್ದಂತೆ ಕಂಡವು. ಕೈಚೀಲ ತುಂಬ ಹಣ್ಣು ಕಿತ್ತೆ. ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡೆ.

ಕೆಳಗಿನಿಂದ ದೊಡ್ಡಪ್ಪನ ದನಿ ಬಂತು. "ಸಿಹಿ ಐತೇನ?"

"ಹುಳೀನ ಐತಿ, ದೊಡ್ಡಪ್ಪಾ."

"ಅಂದ್ರ ನಮ್ಮಪ್ಪನೂ ಹತ್ತಿರಲಿಲ್ಲ ಅನ್ನು. ಹತ್ತಿ ತಿಂದೀನಿ, ಸಿಹಿ ಐತಿ ಅಂತಿದ್ದ."

ಕಾಲೇಜಿನಲ್ಲಿ ಪರೀಕ್ಷೆ ಮಾಡಿದಾಗಲೂ ಎರಡರ ನಡುವೆ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಹಾಗೆಯೇ ಬರೆದೆ. ತುದಿಯ ಹಣ್ಣು ತಂದದ್ದು ಹೇಗೆ ಎಂದು ಸರ್ ಕೇಳಿದಾಗ ಜೀನನ್ನು ಮೇಜಿನ ಮೇಲಿಟ್ಟೆ. ಪಾಸಾದೆ.

ಪ್ರಮಾಣಪತ್ರ ಕೊಡುವ ದಿನ ಮನೆಯವರೆಲ್ಲ ಬಸ್ಸು ಹತ್ತಿ ಬಂದರು. ದೊಡ್ಡಪ್ಪ ತಲೆಗೆ ಹೊಸ ಪಟಗ ಸುತ್ತಿದ್ದರು. ಸರ್ ನನ್ನ ಕೈಗಿತ್ತದ್ದನ್ನು ನಾನು ನೇರ ಒಯ್ದು ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವ್ವ ತಾನೂ ಮುಟ್ಟಿ ನೋಡಬೇಕೆಂದು ಕೈ ಚಾಚಿದಳು. ದೊಡ್ಡಪ್ಪ ಅದನ್ನು ಎದೆಗೊತ್ತಿಕೊಂಡು ನನಗೆ ಹೇಳಿದರು:

"ನಿಮ್ಮವ್ವಗ ಮೊದಲ ಕೈ ತೊಳಕೊಂಡ ಬಾ ಅನ್ನು. ಇದಕ್ಕೂ ಎಣ್ಣಿ ಹಚ್ಯಾಳು."