ಯಾವ ಕಮ್ಯುನಿಟಿಯ ಕಾಲೇಜು?

ಪರದೇಶದ ಈ ಓವರ್‌ಲೇಕ್ ಊರಿನ ಶಿಶುವಿಹಾರದಲ್ಲಿ ದಿನಾ ಮೊದಲ ದೀಪ ಹಾಕುವವರು ಬೆಟ್ಟಮ್ಮ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆಟದ ಸಾಮಾನು ಒರೆಸುತ್ತಾರೆ, ಪುಟ್ಟ ಕುರ್ಚಿ ಜೋಡಿಸುತ್ತಾರೆ, ಸೇಬು ಹೆಚ್ಚುತ್ತಾರೆ. ಮೊದಲು ಬರುವ ಮಗು ಕಾರಿನ ನಿದ್ದೆಯಲ್ಲೇ ಅವರ ಹೆಗಲಿಗೆ ಬೀಳುತ್ತದೆ. ಶೂ ಬಿಚ್ಚು ಕಂದ ಎಂದರೆ "ನೋ ಬೆಟ್ಟಿ" ಎನ್ನುತ್ತದೆ, ಬಿಚ್ಚುತ್ತದೆ. ಟೀಚರ್ ಐರಿನ್ ಬಂದು ಪಾಠ ಶುರು ಮಾಡುವಾಗ ಬೆಟ್ಟಮ್ಮ ಹೊರಗೆ ಬಂದು ಬಾಗಿಲು ಎಳೆಯುತ್ತಾರೆ. ಮಕ್ಕಳಿಗೆ ಕಲಿಸುವ ಸರ್ಟಿಫಿಕೇಟ್ ಇಲ್ಲದವರು ಪಾಠದ ಹೊತ್ತಲ್ಲಿ ಒಳಗಿರುವಂತಿಲ್ಲ.

ಆ ಸರ್ಟಿಫಿಕೇಟ್ ಕೊಡುವ ಕಾಲೇಜು ಅವರ ಬಸ್ಸಿನ ದಾರಿಯಲ್ಲೇ ಇದೆ. ವರ್ಷಗಟ್ಟಲೆ ಅದರ ಮುಂದೆ ಹಾದುಹೋದರೂ ಇಳಿಯಲಿಲ್ಲ. ತಡೆದದ್ದು ಬೋರ್ಡಿನ ಮೇಲಿನ ಒಂದು ಪದ.

"ಕಮ್ಯುನಿಟಿ ಕಾಲೇಜು ಅಂತ ಬರ್ದಿತ್ತು ಕಣಣ್ಣ. ಯಾವ್ದೋ ಜಾತಿಯೋರು ಅವ್ರ ಮಕ್ಳಿಗೆ ಕಟ್ಕಂಡವ್ರೆ ಅನ್ಕಂಡೆ. ನಮ್ಮೋರ್ದಂತೂ ಆಗಿರಕ್ಕಿಲ್ಲ."

ನಗಬೇಡಿ. ಜಾತಿ ಎಂದು ಬಾಯಿಬಿಟ್ಟು ಕೇಳಲು ನಾಚುವ ನಮ್ಮ ಓದಿದ ಜನ ಬಳಸುವ ಪದ ಅದು. ಕೊಳ್ಳೇಗಾಲದ ಕಡೆಯ ಬೆಟ್ಟಮ್ಮನ ಗಂಡ ಮಹೇಶ ಟಕ್ವಿಲಾದ ಗೋದಾಮಿನಲ್ಲಿ ದುಡಿಯುತ್ತಾರೆ. ಇಲ್ಲಿಗೆ ಬಂದ ಹೊಸತರಲ್ಲಿ ಬೆಟ್ಟಮ್ಮ ಇಲ್ಲೇ ಹತ್ತಿರದ ನ್ಯೂಕ್ಯಾಸಲ್‌ನ ಕನ್ನಡದವರ ಮನೆಯೊಂದಕ್ಕೆ ಅಡುಗೆಗೆ ಹೋದರು. ಮನೆಯಾಕೆ ಸಾರು ಹೊಗಳಿ, "ನಿಮ್ದು ಯಾವ ಕಮ್ಯುನಿಟಿ?" ಎಂದು ಕೇಳಿದಳು. ಉತ್ತರ ಕೇಳಿದ ಮೇಲೆ, ಅಡುಗೆ ಬೇಡ, ಪಾತ್ರೆ ತೊಳೆಯಲು ಬನ್ನಿ ಎಂದಳು. ಸಮುದ್ರ ದಾಟಿ ಬಂದವರು ಪೆಟ್ಟಿಗೆಯಲ್ಲಿ ಏನನ್ನು ಜೋಪಾನವಾಗಿ ತಂದಿದ್ದಾರೆ ನೋಡಿ. ಬೆಟ್ಟಮ್ಮ ಪಾತ್ರೆಗೂ ಹೋಗಲಿಲ್ಲ.

ನೀನು ಯಾಕೆ ಓದಬಾರದು ಎಂದು ಒಮ್ಮೆ ಐರಿನ್ ಕೇಳಿದಾಗ ಬೋರ್ಡಿನ ಈ ಕಥೆ ಹೊರಬಿತ್ತು. ಮಂಗಳೂರು ಕಡೆಯ ಐರಿನ್ ಮೊದಲು ಹೊಟ್ಟೆ ಹಿಡಿದು ನಕ್ಕರು, ಆಮೇಲೆ ಗದರಿದರು.

"ಎಂತ ಮಾರಾಯ್ತಿ ನೀನು. ಅದು ಊರಿಗೆಲ್ಲ ಸೇರಿದ ಕಾಲೇಜು. ಅಲ್ಲಿಂದ ಯೂನಿವರ್ಸಿಟಿಗೂ ಹೋಗ್ತಾರೆ, ಕೆಲ್ಸಕ್ಕೂ ಹೋಗ್ತಾರೆ. ನಿನ್ನ ಜಾತಿ ಕೇಳ್ಲಿಕ್ಕೆ ಅವ್ರಿಗೆ ಪುರುಸೊತ್ತಿಲ್ಲ."

ಮರುದಿನ ಬೆಟ್ಟಮ್ಮ ಬಸ್ಸಿಳಿದರು. ಎಸ್ಸೆಸ್ಸೆಲ್ಸಿಗೆ ನಿಂತುಹೋಗಿದ್ದ ಓದು ಸಂಜೆಯ ತರಗತಿಯಲ್ಲಿ ಮತ್ತೆ ಶುರುವಾಯಿತು. ಮಕ್ಕಳಿಗೆ ಕಲಿಸುವ ವಿಷಯಗಳೆಲ್ಲ ಪಾಸಾದವು. ತರಗತಿಯೆದುರು ನಿಂತು ಇಂಗ್ಲಿಷಿನಲ್ಲಿ ಮಾತಾಡುವುದೊಂದು ಉಳಿಯಿತು. ಮೊದಲ ಸಲ ಬಾಯಿ ಕಟ್ಟಿ ನಿಂತು ಫೇಲಾದರು. ಈ ಸಲವೂ ತಪ್ಪಿದ್ದರೆ, ಶಿಶುವಿಹಾರದಲ್ಲಿ ತೆರವಾಗಿದ್ದ ಸಹಾಯಕ ಟೀಚರ್ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಹೋದ ಗುರುವಾರ ಅವರು ಮಾತಾಡಿದ್ದು ಆ ಬೋರ್ಡಿನ ಬಗ್ಗೆಯೇ. ಇಷ್ಟು ವರ್ಷ ಯಾಕೆ ಬಸ್ಸಿಳಿಯಲಿಲ್ಲ ಎಂಬುದನ್ನು ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದರು. ತರಗತಿ ನಕ್ಕಿತು. ಪಾತ್ರೆಯ ಮಾತನ್ನೂ ಬಿಡದೆ ಹೇಳಿದರು. ವ್ಯಾಕರಣ ಅಲ್ಲಲ್ಲಿ ಕುಂಟಿದರೂ ಮೇಷ್ಟ್ರು ಪಾಸು ಮಾಡಿದರು.

"ಪಾಪ ಅಂತ ಪಾಸ್ ಮಾಡ್ಬುಟ್ರಾ ಅಂತ ನಾನೇ ಕೇಳ್ದೆ ಕಣಣ್ಣ. ಇಲ್ಲ, ನೀನ್ ಹೇಳಿದ್ದು ಎಲ್ರಿಗೂ ಅರ್ಥ ಆಯ್ತಲ್ಲ, ಅದ್ಕೇ ಅಂದ್ರು."

ಇನ್ನು ಯೂನಿವರ್ಸಿಟಿಗೂ ಹೋಗು ಎಂದು ಮಹೇಶ ಈಗಲೇ ಬೆನ್ನು ಹತ್ತಿದ್ದಾರೆ. ಸೋಮವಾರದಿಂದ ಹೊಸ ಕೆಲಸ. ಮುಂದಿನ ಆಸೆಯೇನು ಎಂದರೆ ಬೆಟ್ಟಮ್ಮ ಸೇಬು ಹೆಚ್ಚುತ್ತಲೇ ತರಗತಿಯ ಕಡೆ ನೋಡುತ್ತಾರೆ.

"ಯೂನಿವರ್ಸಿಟಿ ಆಮೇಲ್ ನೋಡನ. ಸೋಮವಾರ ಆ ಬಾಗ್ಲ ಒಳಗಡೆಯಿಂದ ಎಳ್ಕೋಬೇಕು, ಅಷ್ಟೇಯ."